ಫೈಲ್ ಎಕ್ಸ್‌ಪ್ಲೋರರ್ ಮತ್ತು ಬ್ರೌಸರ್ ಎರಡೂ ತಾವಾಗಿಯೇ ಮುಚ್ಚಿಕೊಳ್ಳುತ್ತಿವೆ, ಫಾರ್ಮ್ಯಾಟ್ ಮಾಡಿಸಲೇಬೇಕೇ?

ಪ್ರಶ್ನೆ (ದಾವಣಗೆರೆ): ನಮಸ್ಕಾರ ಸರ್. ವಿದ್ಯಾನಗರದಲ್ಲಿ ನನ್ನದೊಂದು ಝೆರಾಕ್ಸ್ ಹಾಗೂ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇದೆ. ಕಂಪ್ಯೂಟರ್‌ನಲ್ಲಿರುವುದು ವಿಂಡೋಸ್ 10, ರ್‍ಯಾಮ್ 4 ಜಿಬಿ. ಸ್ಕ್ಯಾನ್ ಮಾಡಿಟ್ಟ ಪಹಣಿ, ಅಂಕಪಟ್ಟಿಗಳ ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಾಕು, ಫೋಲ್ಡರ್ ಮುಚ್ಚಿಕೊಂಡು, ಕೆಳಗಿನ ಟಾಸ್ಕ್‌ಬಾರ್ ಮಾಯವಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಸೇವಾ ಸಿಂಧುವಿನಲ್ಲಿ ಅರ್ಜಿ ತುಂಬಿ ‘ಚೂಸ್ ಫೈಲ್’ ಒತ್ತಿ, ಫೈಲ್ ಆರಿಸಲು ಹೋದಾಗ ಬ್ರೌಸರ್ ಕೂಡ ಮುಚ್ಚಿಹೋಗುತ್ತದೆ. ಆಂಟಿವೈರಸ್‌ನಲ್ಲಿ ಏನೂ ಸಿಗಲಿಲ್ಲ. ರಿಪೇರಿಯವರು ಫಾರ್ಮ್ಯಾಟ್ ಹೊಡೆಯಬೇಕು ಎನ್ನುತ್ತಾರೆ.

ಉತ್ತರ (ಚಿತ್ರದುರ್ಗ, ಕಂಪ್ಯೂಟರ್ ಸರ್ವೀಸ್): ಸದ್ಯಕ್ಕೆ ಫಾರ್ಮ್ಯಾಟ್ ಬೇಡ. ನೀವು ಎರಡು ತೊಂದರೆ ಎಂದು ಬರೆದಿರುವುದು ನನ್ನ ಅಂದಾಜಿನಲ್ಲಿ ಒಂದೇ. ಫೈಲ್ ಆರಿಸಲು ಬ್ರೌಸರ್‌ನಲ್ಲಿ ತೆರೆದುಕೊಳ್ಳುವ ಪೆಟ್ಟಿಗೆ ಬ್ರೌಸರ್‌ನ ಸ್ವಂತದ್ದಲ್ಲ, ವಿಂಡೋಸ್‌ನದು. ರೈಟ್ ಕ್ಲಿಕ್ ಪಟ್ಟಿಗೆ ಮತ್ತು ಫೈಲ್‌ನ ಸಣ್ಣ ಚಿತ್ರಕ್ಕೆ ಬೇರೆ ಬೇರೆ ಸಾಫ್ಟ್‌ವೇರ್‌ಗಳು ಸೇರಿಸಿದ ಶೆಲ್ ಎಕ್ಸ್‌ಟೆನ್ಷನ್‌ಗಳು ಫೋಲ್ಡರ್‌ನಲ್ಲಿ ಹೇಗೋ ಆ ಪೆಟ್ಟಿಗೆಯಲ್ಲಿಯೂ ಹಾಗೆಯೇ ಬಂದು ಸೇರಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಕೆಟ್ಟಿದ್ದರೂ ತನ್ನನ್ನು ಹೊತ್ತ ಪ್ರೋಗ್ರಾಂ ಅನ್ನು ಕೆಡವುತ್ತದೆ. ಟಾಸ್ಕ್‌ಬಾರ್ ಹೋಗುವುದೂ ಇದೇ ಕಾರಣಕ್ಕೆ, ಅದನ್ನು ನಡೆಸುವುದೂ ಎಕ್ಸ್‌ಪ್ಲೋರರ್ ತಾನೆ. ಕೆಲವು ಬ್ರೌಸರ್‌ಗಳು ಈ ಪೆಟ್ಟಿಗೆಯನ್ನು ಪ್ರತ್ಯೇಕ ಪ್ರೊಸೆಸ್‌ನಲ್ಲಿ ತೆರೆಯುವುದರಿಂದ ಪೆಟ್ಟಿಗೆ ಮಾತ್ರ ಮುಚ್ಚಿ ಬ್ರೌಸರ್ ಉಳಿಯುತ್ತದೆ. ನಿಮ್ಮದನ್ನು ಅಪ್‌ಡೇಟ್ ಮಾಡಿ ನೋಡಿ.

ಊಹೆಯನ್ನು ಪರೀಕ್ಷಿಸಲು ಸ್ಟಾರ್ಟ್‌ನಲ್ಲಿ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಅಪ್ಲಿಕೇಶನ್ ಒತ್ತಿ, ಎಕ್ಸ್‌ಪ್ಲೋರರ್ ಮುಚ್ಚಿದ ಹೊತ್ತಿನ ಕೆಂಪು ಗುರುತಿನ ನಮೂದನ್ನು ಹುಡುಕಿ. ಅದರ ಇವೆಂಟ್ ಐಡಿ 1000 ಆಗಿರುತ್ತದೆ. ಅದರಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್ ಪಾತ್’ ಎಂಬ ಸಾಲಿನಲ್ಲಿ ಯಾವ ಫೋಲ್ಡರ್‌ನ ಯಾವ ಫೈಲ್‌ನಲ್ಲಿ ಪ್ರೋಗ್ರಾಂ ಬಿತ್ತು ಎಂಬುದು ಬರೆದಿರುತ್ತದೆ. ಅಲ್ಲಿ ಎನ್‌ಟಿಡಿಎಲ್‌ಎಲ್ ಎಂಬ, ವಿಂಡೋಸ್‌ನದೇ ಫೈಲ್‌ನ ಹೆಸರಿದ್ದರೆ ವಿಂಡೋಸ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ತಪ್ಪು ಯಾರದ್ದಾದರೂ ಎಷ್ಟೋ ಸಲ ಹೆಸರು ಬರುವುದು ಅದರದ್ದೇ. ಆಗ ಶೆಲ್‌ಎಕ್ಸ್‌ವ್ಯೂ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ನಸುಗೆಂಪು ಬಣ್ಣದಲ್ಲಿ ಕಾಣುವ, ಮೈಕ್ರೋಸಾಫ್ಟ್‌ನದಲ್ಲದ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ಡಿಸೇಬಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ತೊಂದರೆ ನಿಂತರೆ ಅರ್ಧರ್ಧವಾಗಿ ಮತ್ತೆ ಆನ್ ಮಾಡುತ್ತ ಬನ್ನಿ, ಯಾವ ಅರ್ಧ ಆನ್ ಮಾಡಿದಾಗ ತೊಂದರೆ ಮರಳುತ್ತದೋ ಕೆಟ್ಟದ್ದು ಅದರಲ್ಲಿದೆ.

ಪ್ರಶ್ನೆ ಕೇಳಿದವರು: ಸರ್, ಆ ಸಾಲಿನಲ್ಲಿ ಸ್ಕ್ಯಾನರ್ ಜೊತೆ ಬಂದಿದ್ದ ಹಳೆಯ ಪಿಡಿಎಫ್ ಸಾಫ್ಟ್‌ವೇರ್‌ನ ಫೋಲ್ಡರ್ ಇತ್ತು. ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ ರೈಟ್ ಕ್ಲಿಕ್, ಅಪ್‌ಲೋಡ್ ಎರಡೂ ಸರಿಯಾಗಿವೆ. ಆದರೆ ಟ್ಯಾಬ್‌ಗಳು ಹೆಚ್ಚಾದಾಗ ಬ್ರೌಸರ್‌ನ ಪುಟಗಳು ಈಗಲೂ ಒಮ್ಮೊಮ್ಮೆ ಸಾಯುತ್ತವೆ.

ಉತ್ತರ: ಸಂತೋಷ. ಫಾರ್ಮ್ಯಾಟ್ ಮಾಡಿಸಿ ಅದೇ ಸಿಡಿಯಿಂದ ಅದೇ ಸಾಫ್ಟ್‌ವೇರ್ ಹಾಕಿದ್ದರೆ ತೊಂದರೆಯೂ ಮರಳಿ ಬರುತ್ತಿತ್ತು. ಟ್ಯಾಬ್‌ಗಳ ವಿಷಯ ಬೇರೆ, 4 ಜಿಬಿ ಈಗಿನ ಬ್ರೌಸರ್‌ಗಳಿಗೆ ಸಾಲದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಶೇಕಡಾ 90 ದಾಟುತ್ತಿದ್ದರೆ ಇನ್ನೊಂದು ರ್‍ಯಾಮ್ ಹಾಕಿಸಿ. ದಾಟದೆಯೂ ಮುಚ್ಚುತ್ತಿದ್ದರೆ ಬ್ರೌಸರ್‌ನ ಎಕ್ಸ್‌ಟೆನ್ಷನ್‌ಗಳನ್ನು ತೆಗೆದು, ಬ್ರೌಸರ್‌ನದೇ ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ (ಪುಟ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವುದು) ಆಫ್ ಮಾಡಿ ನೋಡಿ. ಆಗ ನಿಂತರೆ ಡಿಸ್‌ಪ್ಲೇ ಡ್ರೈವರ್ ಮೇಲೆ ಅನುಮಾನ ಪಡಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ (ಭದ್ರತಾ ಅಪ್‌ಡೇಟ್ ಸೇರಿದಂತೆ) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಜನರ ಆಧಾರ್, ಬ್ಯಾಂಕ್ ವಿವರ ತುಂಬುವ ಅಂಗಡಿಯಾದ್ದರಿಂದ ಅದನ್ನೂ ಗಮನಿಸಿ.

ಇನ್ನೊಬ್ಬ ಸದಸ್ಯರು (ಹರಿಹರ): ನನ್ನ ಕಂಪ್ಯೂಟರ್‌ನಲ್ಲಿ ಪ್ರತಿ ಸಲ ಬೇರೆ ಬೇರೆ ಮಾಡ್ಯೂಲ್‌ನ ಹೆಸರು ಬರುತ್ತದೆ ಸರ್. ಆಗೇನು ಮಾಡಬೇಕು?

ಉತ್ತರ: ಹೆಸರು ನಿಲ್ಲದೆ ಬದಲಾಗುತ್ತಿದ್ದರೆ ನಾನು ಸಾಫ್ಟ್‌ವೇರ್ ಬಿಟ್ಟು ಮೊದಲು ರ್‍ಯಾಮ್ ನೋಡುತ್ತೇನೆ. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ. ದೋಷ ತೋರಿಸಿದರೆ ಪ್ಲಗ್ ಕಿತ್ತು, ರ್‍ಯಾಮ್ ಹೊರತೆಗೆದು, ಧೂಳು ಒರೆಸಿ, ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಉಳಿಯದಂತೆ ಕೊಡವಿ, ಮತ್ತೆ ಕೂರಿಸಿ ಪರೀಕ್ಷಿಸಿ. ಎರಡು ರ್‍ಯಾಮ್‌ಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ, ಯಾವುದು ಕೆಟ್ಟಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ.