ಹುಳದ ಪಾಷಾಣ ತಿಂದ ನಾಯಿ: ಯಾರರ ಉಳಿಸ್ಕೊಂಡೀರೇನು?

ಹಾವೇರಿಯಾಂವ: ಗೊಂಜಾಳದ ಸುಳಿಗೆ ಹಾಕಾಕಂತ ತವಡು-ಬೆಲ್ಲ ಕಲಸಿಟ್ಟಿದ್ದ ಪಾಷಾಣ ನಿನ್ನೆ ಸಂಜಿಕೆ ನಮ್ಮ ನಾಯಿ ನೆಕ್ಕೇತಿ. ಡಾಕ್ಟ್ರು ಅಟ್ರೋಪಿನ್ ಅಂತ ವಿಷಕ್ಕ ಹಾಕೋ ಇಂಜೆಕ್ಷನ್ ಕೊಟ್ಟಾರ, ಜೊಲ್ಲು ನಿಂತೈತಿ, ನಡುಕ ನಿಂತಿಲ್ಲ. ಹುಬ್ಬಳ್ಳಿಗೆ ಒಯ್ಯಲೋ, ಮನ್ಯಾಗ ಕಾಯಲೋ?

ಗದಗ ಎರಿಹೊಲ: ನಮ್ಮದು ಮುಧೋಳ, 22 ಕಿಲೋ. ಹತ್ತಿಗೆ ಎಣ್ಣಿ ಹೊಡದು ಬಕೆಟ್ ತೊಳದ ನೀರು ಕುಡದಿತ್ತು, ಮೋನೋಕ್ರೋಟೋಫಾಸ್. ಬಾಯಾಗ ನೊರಿ, ಉಚ್ಚಿ-ಹೇಲು ಒಮ್ಮೆಲೇ, ಕಣ್ಣಿನ ಪಾಪಿ ಸಾಸಿವಿಕಾಳಿನಷ್ಟು. ಅಟ್ರೋಪಿನ್ ಆಂಪೂಲ್ ಒಂದರಾಗ ಇರೋದು 0.6 ಮಿಲಿಗ್ರಾಂ, ಮೊದಲನೇ ಡೋಸಿಗೇ 7 ಒಡೀಬೇಕು. ಡಾಕ್ಟ್ರ ಹತ್ರ ಇದ್ದದ್ದು 3! ರಾತ್ರಿ ಹತ್ತಕ್ಕ ಮಂದಿ ಔಷಧಿ ಅಂಗಡಿ ಶಟರ್ ಬಡದು 40 ತಂದೆ. ಪ್ಯಾಮ್ ಅಂದ್ರ ಇಂಥಾ ವಿಷದ ಹಿಡಿತ ಬಿಡ್ಸೋ ಇನ್ನೊಂದು ಇಂಜೆಕ್ಷನ್, ಅದನ್ನ ಹುಡುಕ್ಲಿಕ್ಕೆ ಕಾರಿನ ಬಾಡಿಗಿನೇ 2,600. ಆರಾಮ ಆತು ಅಂದ್ಕೊಂಡ್ರ ಮೂರನೇ ದಿನ ಕುತ್ತಿಗಿ ಎತ್ತವಲ್ದು, ಮತ್ತ ಸಲಾಯಿನ್. ಒಟ್ಟು 14,350, ಚೀಟಿ ಇನ್ನೂ ಇಟ್ಟೀನಿ. ಅಟ್ರೋಪಿನ್‌ಗೆ ನಡುಕ ನಿಲ್ಲಂಗಿಲ್ಲ, ಪ್ಯಾಮ್ ಹಾಕಸ್ರಿ.

ಧಾರವಾಡದಾಕಿ: ನಿಮ್ಮದು ಉಳೀತು, ಲೆಕ್ಕಾ ಹೇಳ್ತೀರಿ. ನಮ್ಮದು ಹೋತು. ಓಣ್ಯಾಗಿನ ಹಿರ್ಯಾರು ಹೇಳಿದ್ರಂತ ಉಪ್ಪಿನ ನೀರು ಹೊಯ್ದು ವಾಂತಿ ಮಾಡ್ಸಿದ್ವಿ, ಮ್ಯಾಲೆ ತುಪ್ಪ. ನಡುಗೋ ನಾಯಿಗೆ ಬಾಯಾಗ ಹೊಯ್ದದ್ದು ಪುಪ್ಪುಸಕ್ಕ ಇಳೀತು. ಹೊಟ್ಟ್ಯಾಗಿನ ವಿಷ ಹೀರಾಕ ಔಷಧಿ ಇದ್ದಲಿ ಪುಡಿ (ಆಕ್ಟಿವೇಟೆಡ್ ಚಾರ್ಕೋಲ್) ಬೇಕಿತ್ತು, ತುಪ್ಪ ಅಲ್ಲ ಅಂದ್ರು ಡಾಕ್ಟ್ರು. ಅಷ್ಟೊತ್ತಿಗೆ ಮುಗದಿತ್ತು.

ಬ್ಯಾಡಗಿ ಮೆಣಸಿನಕಾಯಿ: ಗದಗದವ್ರ, ಎಲ್ಲಾದಕ್ಕೂ ಪ್ಯಾಮ್ ಅನ್ಬ್ಯಾಡ್ರಿ. ಗೊಂಜಾಳದ ಪಾಷಾಣಕ್ಕ ಬಹಳ ಮಂದಿ ಹಾಕೋದು ಥಯೋಡಿಕಾರ್ಬ್. ಅದು ಕಾರ್ಬಮೇಟ್ ಅನ್ನೋ ಬ್ಯಾರೆ ಜಾತಿ ವಿಷ, ಅದರ ಹಿಡಿತ ತಾನಾಗೇ ಬಿಡ್ತದ, ಅಲ್ಲೀತನ ಅಟ್ರೋಪಿನ್ ಸಾಕು. ನಮ್ಮ ನಾಯಿ ಸೈಪರ್‌ಮೆಥ್ರಿನ್ ಅನ್ನೋ ಮತ್ತೊಂದು ಜಾತಿ ಎಣ್ಣ್ಯಾಗ ತೊಯ್ದಿತ್ತು, ಅದಕ್ಕ ನಿಮ್ಮ ಅಟ್ರೋಪಿನ್ನೂ ನಡೆಯಂಗಿಲ್ಲ. ಕೈಗೆ ಗ್ಲೌಸ್ ಹಾಕ್ಕೊಂಡು ಭಾಂಡಿ ತೊಳಿಯೋ ಸೋಪಿನಾಗ ಮೂರು ಸಲ ಮೈ ತೊಳದೆ. ನಡುಕ ಇಳಿಸೋ ಮೆಥೊಕಾರ್ಬಮಾಲ್ ಕೊಟ್ಟು ಎರಡು ರಾತ್ರಿ ನಿದ್ದಿಗೆಟ್ಟೆ.

ಗದಗ ಎರಿಹೊಲ: ಕಾಯ್ರಿ ಅಂತೀರಿ, ಸತ್ರ ನೀವು ಬರ್ತೀರೇನು? ಅಂವ ಏನು ಕಲಸ್ಯಾನ ಅಂತ ನೀವು ನೋಡೀರೇನು?

ಬ್ಯಾಡಗಿ ಮೆಣಸಿನಕಾಯಿ: ಕಾಯ್ರಿ ಅಂತ ಎಲ್ಲಿ ಬರದೀನಿ? ಓದಾಕ ಬರ್ತದಿಲ್ಲೋ. ಪಾಕೀಟು ಡಾಕ್ಟ್ರಿಗೆ ತೋರ್ಸಂತ ನಾ ಹೇಳಾಂವ ಇದ್ದೆ.

ಹಾವೇರಿಯಾಂವ: ಪಾಕೀಟು ಇಲ್ರಿ. ಅಂಗಡ್ಯಾಂವ ಬಿಡಿ ತೂಗಿ ಕೊಟ್ಟಾನ.

ಧಾರವಾಡದಾಕಿ: ಬಿಡಿ ತೂಗಿದ್ದು ಹೆಂಗ ತಂದ್ರಿ? ಮನ್ಯಾಗ ಸಣ್ಣ ಹುಡುಗ್ರಿಲ್ಲೇನು? ನಾಯಿ ಕಟ್ಟಿಹಾಕೂದು ಬಿಟ್ಟು…

ಬ್ಯಾಡಗಿ ಮೆಣಸಿನಕಾಯಿ: ಅಕ್ಕಾರ, ಹೊಲಾ ಕಾಯೋ ನಾಯಿ ಕಟ್ಟಿದ್ರ ಹಂದಿ ಓಡ್ಸೋರು ಯಾರು? ಊರಾಗ ಕುಂತು ಹೇಳೂದು ಸಸಾರ.

ಧಾರವಾಡದಾಕಿ: ನಮ್ಮದೂ ಹೊಲದಾಗೇ ಸತ್ತದ್ದು.

ಹಾವೇರಿಯಾಂವ: ಅಂಗಡ್ಯಾಂವಗ ಫೋನ್ ಹಚ್ಚಿ ಹೆಸರು ಕೇಳಾಕತ್ತೀನಿ, ಎತ್ತವಲ್ಲ. ಹಿಂದಿನ ಕಾಲು ಸೆಟಿಯಾಕತ್ಯಾವ. ಗಾಡಿ ಬಂತು, ಹುಬ್ಬಳ್ಳಿಗೆ ಹೊಂಟ್ವಿ. ತವಡಿನ ಬಕೆಟ್‌ನೂ ಜೋಡಿ ಒಯ್ಯಾಕತ್ತೀನಿ.

ಬ್ಯಾಡಗಿ ಮೆಣಸಿನಕಾಯಿ: ಗದಗದವ್ರ, ಮುಧೋಳ ಅಂತೀರಿ, ಫೋಟೋ ಹಾಕ್ರಿ ನೋಡೂಣು.