‘ಪ್ರೀಮಿಯಂ ಸಬ್ಸಿಡಿ’ಗೆ ‘ಸಹಾಯಧನ’ ಒಗ್ಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಆರೋಗ್ಯ ವಿಮೆಯ ಬಗ್ಗೆ ಒಂದು ಲೇಖನ ಬರೆಯುತ್ತಾ ‘ಪ್ರೀಮಿಯಂ ಸಬ್ಸಿಡಿ’ಯ ಬಳಿ, ಅಂದರೆ ವಿಮೆಗೆ ಕಟ್ಟಬೇಕಾದ ಹಣದಲ್ಲಿ ಸರ್ಕಾರ ಹೊರುವ ಪಾಲಿನ ಬಳಿ, ತಡವರಿಸಿದ್ದೇನೆ. ‘ಕಂತಿನ ಸಹಾಯಧನ’ ಎಂದು ಬರೆದಿದ್ದೆ. ತೀರ್ಥಹಳ್ಳಿಯಲ್ಲಿ ನಮ್ಮ ನೆರೆಯ ಅಡಿಕೆ ಬೆಳೆಗಾರರೊಬ್ಬರು ಕರಡು ಓದಿ, “ಯಾವ ಸಾಲದ ಕಂತು? ದುಡ್ಡು ಖಾತೆಗೆ ಬರುವುದು ಯಾವಾಗ?” ಎಂದು ಕೇಳಿದರು. ತಪ್ಪು ಅವರದಲ್ಲ. ಇಲ್ಲಿ ಕಂತು ಎಂದರೆ ಸೊಸೈಟಿ ಸಾಲದ್ದು. ಸಹಾಯಧನ ಎಂದರೆ ಅಡಿಕೆ ಸುಲಿಯುವ ಯಂತ್ರ ಕೊಂಡು, ಬಿಲ್ಲು ಕೊಟ್ಟು, ತಿಂಗಳುಗಟ್ಟಲೆ ಕಾದು ಪಡೆಯುವ ಹಣ.

ವಿವರಿಸಿದ ಮೇಲೆ ಅವರೇ ಹೇಳಿದರು: “ಅಡಿಕೆ ವಿಮೆಗೆ ಹೆಕ್ಟೇರಿಗೆ 6,400 ರೂಪಾಯಿ ನಮ್ಮ ಪಾಲು, ಮಿಕ್ಕಿದ್ದು ಸರ್ಕಾರದ್ದು, ಹಾಗೆ ತಾನೆ?” ಮುಕ್ಕಾಲು ಪಾಲು ಸರಿ. ಆದರೆ ಬೆಳೆ ವಿಮೆಯಲ್ಲಿ ಆರಿಸಿಕೊಳ್ಳುವ ಮಾತೇ ಇಲ್ಲ. ಬೆಳೆಗೊಂದು ದರ, ಜಿಲ್ಲೆಗೊಂದು ಕಂಪನಿ. ಅಮೆರಿಕದಲ್ಲಿ 2014ರಿಂದ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ದರ್ಜೆಗಳ ಪಾಲಿಸಿಗಳಿವೆ. ಕೊಳ್ಳುವವರ ಊರಿನ ಎರಡನೆಯ ಅತಿ ಅಗ್ಗದ ಬೆಳ್ಳಿ ಪಾಲಿಸಿಯೇ ನೆರವಿನ ಲೆಕ್ಕಕ್ಕೆ ಅಳತೆ. ಅದರ ದರ ಸಾವಿರ, ಆದಾಯದ ಪ್ರಕಾರ ನಿಮ್ಮ ಪಾಲು ಮುನ್ನೂರು ಎಂದುಕೊಳ್ಳಿ, ನೆರವು ಏಳುನೂರು. ಎಂಟುನೂರರ ಕಂಚು ಕೊಂಡರೆ ಕೈಯಿಂದ ನೂರೇ ಸಾಕು, ಸಾವಿರದ ಇನ್ನೂರರ ಚಿನ್ನಕ್ಕೆ ಐನೂರು. ಹೆಚ್ಚಿನದಕ್ಕೆ ಆಸೆಪಟ್ಟರೆ ಅಷ್ಟೂ ನಿಮ್ಮ ಜೇಬಿನದು.

ಆದ್ದರಿಂದಲೇ ಗೆಳೆಯರು ಸೂಚಿಸಿದ ‘ರಿಯಾಯಿತಿ’ ನನಗೆ ಒಪ್ಪಿಗೆಯಿಲ್ಲ. ಶೇಕಡಾ ಲೆಕ್ಕದ ರಿಯಾಯಿತಿ ದುಬಾರಿಯದನ್ನು ಕೊಂಡಷ್ಟೂ ಬೆಳೆಯುತ್ತದೆ. ಈ ನೆರವು ಬೆಳೆಯುವುದಿಲ್ಲ. ಬೆಳೆಯುವುದು ಅಳತೆಯ ಪಾಲಿಸಿಯೇ ತುಟ್ಟಿಯಾದಾಗ. 2017ರ ಕೊನೆಗೆ ಅಲ್ಲಿನ ಸರ್ಕಾರ ವಿಮಾ ಕಂಪನಿಗಳಿಗೆ ಕೊಡುತ್ತಿದ್ದ ಬೇರೊಂದು ಬಾಬತ್ತಿನ ಹಣ ನಿಲ್ಲಿಸಿತು, ಕಂಪನಿಗಳು ಬೆಳ್ಳಿಯ ದರ ಏರಿಸಿದವು, ಬೆನ್ನಿಗೇ ನೆರವೂ ಏರಿತು. ಎಷ್ಟೋ ಜನರಿಗೆ ಕಂಚು ಪುಕ್ಕಟೆಯಾಯಿತು. ಕೆಲವೆಡೆ ಚಿನ್ನವೇ ಬೆಳ್ಳಿಗಿಂತ ಅಗ್ಗವಾಯಿತು! ನಮ್ಮ ಗಾಂಧಿ ಬಜಾರಿನ ಅಕ್ಕಸಾಲಿಗರು ಕೇಳಿದರೆ ನಕ್ಕಾರು.

ಯಶಸ್ವಿನಿ ಯೋಜನೆಯಿಂದ ಪರಿಚಿತವಾದ ‘ವಂತಿಗೆ’ಯನ್ನು ಕೊಳ್ಳುವವನ ಪಾಲಿಗೂ ‘ವಿಮಾ ನೆರವು’ ಎಂಬುದನ್ನು ಸರ್ಕಾರದ ಪಾಲಿಗೂ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಎರಡನೆಯದು ಆಸ್ಪತ್ರೆಯ ಬಿಲ್ಲಿಗೆ ಸಿಗುವ ನೆರವಿನಂತೆ ಕೇಳಿಸುತ್ತದೆ ಎಂಬ ಅನುಮಾನವಿದೆ. ಇದಕ್ಕಿಂತ ಒಳ್ಳೆಯ ಮಾತು ನಿಮ್ಮ ಕಡೆ ಬಳಕೆಯಲ್ಲಿದೆಯೇ?