ಪದಚರ್ಚೆ: ‘ಚೇಂಬರ್ ಮ್ಯೂಸಿಕ್’ಗೆ ಏನನ್ನೋಣ? ‘ಚಿತ್ರಪ್ರೇರಿತ’ ಸರಿಯೇ?

ಬಲ್ಲವರಿಗೆಲ್ಲ ನಮಸ್ಕಾರ.

ರಷ್ಯದ ಸಂಗೀತ ಸಂಯೋಜಕ ಶೊಸ್ತಕೋವಿಚ್‌ನ ಎಂಟನೇ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ಕುರಿತು ಪುಟ್ಟ ಪರಿಚಯ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಪೆನ್ನು ನಿಂತಿದೆ.

ಮೊದಲನೆಯದು ‘ಚೇಂಬರ್ ಮ್ಯೂಸಿಕ್’. ‘ಕೊಠಡಿ ಸಂಗೀತ’ ಅಂದರೆ ಪರೀಕ್ಷಾ ಕೇಂದ್ರ ಕಣ್ಣಮುಂದೆ ಬರುತ್ತದೆ. ನಮ್ಮಲ್ಲಿ ‘ಚೇಂಬರ್ ಕಛೇರಿ’ ಎನ್ನುವುದುಂಟು, ಆದರೆ ಅದು ಹತ್ತಿರ ಕೂತು ಕೇಳುವ ಸಣ್ಣ ಕಛೇರಿ. ಹೇಳುವುದು ಜಾಗದ ಮಾತು. ಇಲ್ಲಿ ಮುಖ್ಯವಾದದ್ದು ಒಂದೊಂದು ಸ್ವರಸಾಲಿಗೆ ಒಬ್ಬೊಬ್ಬರೇ ಇರುವುದು. ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ, ಯಾವುದೂ ಪಕ್ಕವಾದ್ಯವಲ್ಲ. ಸದ್ಯಕ್ಕೆ ‘ಕಿರುಮೇಳ’ ಎಂದಿಟ್ಟುಕೊಂಡಿದ್ದೇನೆ. ತೊಡಕೆಂದರೆ ವಾದ್ಯವೃಂದ ನಿರ್ದೇಶಕ ರುಡಾಲ್ಫ್ ಬರ್ಶಾಯ್ ಇದೇ ಕೃತಿಯನ್ನು ದೊಡ್ಡ ತಂತಿವಾದ್ಯವೃಂದಕ್ಕೆ ಹೊಂದಿಸಿದ್ದಾನೆ, ಅದಕ್ಕೂ ‘ಚೇಂಬರ್ ಸಿಂಫನಿ’ ಎಂದೇ ಹೆಸರು!

ಎರಡನೆಯದು ಸಿನಿಮಾ ನಂಟು. 1960ರ ಜುಲೈನಲ್ಲಿ ಶೊಸ್ತಕೋವಿಚ್ ‘ಐದು ದಿನ, ಐದು ರಾತ್ರಿ’ ಎಂಬ ಚಿತ್ರದ ಸಂಗೀತಕ್ಕೆಂದು ಜರ್ಮನಿಯ ಡ್ರೆಸ್ಡೆನ್ ಕಡೆ ಹೋಗಿದ್ದ. ಬಾಂಬಿಗೆ ನೆಲಸಮವಾದ ಆ ಊರಿನ ಕಲಾಗ್ಯಾಲರಿಯ ವರ್ಣಚಿತ್ರಗಳನ್ನು ಉಳಿಸಿದ ಕತೆ ಅದು. ಹತ್ತಿರದ ಗೋರಿಶ್‌ನಲ್ಲಿ ಉಳಿದು ಚಿತ್ರದ ಕೆಲಸ ಮಾಡಹೊರಟವನ ಕೈಯಲ್ಲಿ ಮೂರೇ ದಿನಕ್ಕೆ, 12ರಿಂದ 14ರೊಳಗೆ, ಈ ಕ್ವಾರ್ಟೆಟ್ ಮುಗಿದಿತ್ತು. ಅರ್ಪಣೆ ಫ್ಯಾಸಿಸಂ ಮತ್ತು ಯುದ್ಧಕ್ಕೆ ಬಲಿಯಾದವರಿಗೆ. ಆದರೆ ಗೆಳೆಯ ಗ್ಲಿಕ್ಮನ್‌ಗೆ ಬರೆದ ಪತ್ರದಲ್ಲಿ ಬೇರೆ ಮಾತು: ತಾನು ಸತ್ತರೆ ನೆನಪಿಗೊಂದು ಕೃತಿ ಬರೆಯುವವರು ಸಿಕ್ಕಲಾರರು, ಅದಕ್ಕೆ ತಾನೇ ಬರೆದುಬಿಟ್ಟೆ ಅಂತ. ಶೊಸ್ತಕೋವಿಚ್‌ನ ಹೆಸರಿನ ಅಕ್ಷರಗಳಿಂದಾದ ನಾಲ್ಕು ಸ್ವರಗಳು, ಡಿ, ಇ ಫ್ಲ್ಯಾಟ್, ಸಿ, ಬಿ (ಜರ್ಮನ್ ಸ್ವರನಾಮಗಳಲ್ಲಿ ಡಿ-ಎಸ್-ಸಿ-ಎಚ್), ಕೃತಿಯ ಐದೂ ಭಾಗಗಳಲ್ಲಿ ಕಾಡುತ್ತವೆ.

ಇದನ್ನು ‘ಚಿತ್ರಸಂಗೀತ’ ಎನ್ನುವಂತಿಲ್ಲ. ಚಿತ್ರಕ್ಕೆ ಮಾಡಿದ್ದು ಬೇರೆಯೇ ಇದೆ, ಕೃತಿಸಂಖ್ಯೆ 111, ಇದು 110. ‘ಚಿತ್ರಪ್ರೇರಿತ’ ಎಂದರೆ ಸಿನಿಮಾ ನೋಡಿ ಸ್ಫೂರ್ತಿಗೊಂಡ ಹಾಗೆ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ವರ್ಣಚಿತ್ರಗಳ ಕುರಿತ ಚಲನಚಿತ್ರವಾದ್ದರಿಂದ ಯಾವ ‘ಚಿತ್ರ’ ಎಂಬ ಗೊಂದಲ ಬೇರೆ. ‘ಸಿನಿಮಾ ನಿಮಿತ್ತವಾಗಿ ಹುಟ್ಟಿದ ಕೃತಿ’ ಎನ್ನಬಹುದೇ? ಅರ್ಥ ಕೂಡುತ್ತದೆ, ಆದರೆ ‘ನಿಮಿತ್ತ’ವನ್ನು ಲಗ್ನಪತ್ರಿಕೆಗಳು ಸವೆಸಿಬಿಟ್ಟಿವೆ. ‘ನೆಪ’ ಸ್ವಲ್ಪ ಹಗುರ.

‘ಕಿರುಮೇಳ’ವನ್ನು ಈ ಅರ್ಥದಲ್ಲಿ ಯಾರಾದರೂ ಬಳಸಿದ್ದು ಕಂಡಿದ್ದೀರಾ? ಕರಾವಳಿಯವರು ವಿಶೇಷವಾಗಿ ಹೇಳಬೇಕು: ‘ಮೇಳ’ ಅಂದ ಕೂಡಲೇ ನಿಮಗೆ ಯಕ್ಷಗಾನದ ತಂಡವೇ ಎದುರು ನಿಲ್ಲುವುದಾದರೆ ಪದ ಬದಲಿಸುತ್ತೇನೆ.